ಕೆಲಸದ ಮಾತು – 7: ಬೀರುವಿನ ಕೀಲಿ ನಿಮ್ಮ ಕೈಗೆ ಬಂದಾಗ

ಎಂಎಸ್‌ಡಬ್ಲ್ಯೂನೋ ಎಂಬಿಎನೋ ಮುಗಿಸಿ ಆಸ್ಪತ್ರೆಗೆ ಎಚ್‌ಆರ್ ಎಕ್ಸಿಕ್ಯುಟಿವ್ ಆಗಿ ಸೇರ್ತಿದ್ದೀರಾ? ಹಾಗಾದ್ರೆ ಇದು ನಿಮಗೆ.

ನಾನು ಮೊದಲು ಸೇರಿದ ಆಸ್ಪತ್ರೆಯಲ್ಲಿ ಮೊದಲನೇ ವಾರವೇ ಒಂದು ಬೀರುವಿನ ಕೀಲಿ ಕೈಗೆ ಕೊಟ್ರು. ಒಳಗೆ ಸಿಸ್ಟರ್‌ಗಳ ಒರಿಜಿನಲ್ ಮಾರ್ಕ್ಸ್ ಕಾರ್ಡು, ನರ್ಸಿಂಗ್ ಕೌನ್ಸಿಲ್ ಸರ್ಟಿಫಿಕೇಟು. 2 ವರ್ಷದ ಬಾಂಡ್ ಮುಗಿಯೋ ತನಕ ವಾಪಸ್ ಕೊಡೋ ಹಾಗಿಲ್ಲ. "ಕೊಟ್ರೆ ಎಲ್ಲಾ ಗಲ್ಫ್‌ಗೆ ಹಾರಿಬಿಡ್ತಾರೆ" ಅನ್ನೋದು ಮೇಲಿನವರ ವಾದ.

ಒಂದಿನ ಒಬ್ರು ಸಿಸ್ಟರ್ ಬಂದ್ರು. "ಮೇಡಂ, ಸರ್ಕಾರಿ ಕೆಲಸಕ್ಕೆ ಡಾಕ್ಯುಮೆಂಟ್ ವೆರಿಫಿಕೇಷನ್ ಇದೆ. ಒಂದೇ ದಿನಕ್ಕೆ ಕೊಡಿ, ಸಂಜೆ ತಂದಿಡ್ತೀನಿ." ನಾನು ರೂಲ್ಸ್ ಹೇಳಿದೆ. ಅವರು ವಾದ ಮಾಡ್ಲಿಲ್ಲ. "ಸರಿ ಮೇಡಂ" ಅಂದು ವಾರ್ಡಿಗೆ ಹೋದ್ರು. ಕೀಲಿ ನನ್ನ ಡ್ರಾಯರಲ್ಲೇ ಇತ್ತು.

ನಾನು ಈಗ ನೇರವಾಗಿ ಹೇಳ್ತೀನಿ: ಸರ್ಟಿಫಿಕೇಟ್ ಹಿಡಿದಿಟ್ಟು ಜನರನ್ನ ಉಳಿಸ್ಕೊಳ್ಳೋದಕ್ಕೆ ಒತ್ತೆ ಇಟ್ಕೊಳ್ಳೋದು ಅಂತಾರೆ. ಅದನ್ನ ಎಚ್‌ಆರ್ ಅಂತ ಕರೀಬೇಡಿ.

ಆಸ್ಪತ್ರೆಯ ಕಷ್ಟ ಸುಳ್ಳಲ್ಲ. ಹೊಸಬರನ್ನ ಐಸಿಯುಗೆ ತಯಾರು ಮಾಡೋಕೆ ತಿಂಗಳುಗಟ್ಟಲೆ ಬೇಕು. ಕಲಿತ ಮೇಲೆ ಹೊರಟ್ರೆ ನಷ್ಟ, ರಾತ್ರಿ ಪಾಳಿಗೆ ಜನ ಕಮ್ಮಿ ಬಿದ್ರೆ ಪೆಟ್ಟು ಬೀಳೋದು ರೋಗಿಗೆ. ಆದ್ರೆ ಅವರು ಯಾಕೆ ಹೊರಡ್ತಾರೆ ಅಂತ ಬೀರು ಹೇಳಲ್ಲ. ಪೇ ಸ್ಲಿಪ್ಪು, ಡ್ಯೂಟಿ ಪಟ್ಟಿ ಹೇಳ್ತವೆ.

ಸುಪ್ರೀಂ ಕೋರ್ಟ್ 2016ರಲ್ಲಿ ಕೊಟ್ಟ ಆದೇಶದಂತೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತ್ತು. 200ಕ್ಕಿಂತ ಹೆಚ್ಚು ಹಾಸಿಗೆ ಇರೋ ಖಾಸಗಿ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗಳಿಗೆ ಸಮನಾದ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ ತಿಂಗಳಿಗೆ 20,000 ರೂಪಾಯಿಗಿಂತ ಇಳೀಬಾರದು ಅಂತ ಅದು ಶಿಫಾರಸು ಮಾಡಿತು. ನಿಮ್ಮ ಆಸ್ಪತ್ರೆಯ ಸಂಬಳ ಪಟ್ಟಿ ಪಕ್ಕಕ್ಕಿಟ್ಟು ನೋಡಿ. ಜನ ಬಿಡೋ ಕಾರಣ ಅಲ್ಲೇ ಸಿಗಬಹುದು.

ಇನ್ನು ಕಾನೂನು. 2017ರ ತಿದ್ದುಪಡಿ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ. 50 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರ. ಇವನ್ನ ಯಾರೂ ಕೈಮುಗಿದು ಕೇಳೋ ಹಾಗೆ ಆಗಬಾರದು. ಕೇಳೋ ಮೊದಲೇ ನೀವು ಹೇಳಿ, ಅದಕ್ಕೇ ನಿಮಗೆ ಸಂಬಳ.

ದೊಡ್ಡ ಕ್ರಾಂತಿ ಏನೂ ಬೇಡ. ಸೇರೋ ದಿನ ಒರಿಜಿನಲ್ ನೋಡಿ, ಜೆರಾಕ್ಸ್ ಇಟ್ಕೊಂಡು, ಅವತ್ತೇ ವಾಪಸ್ ಕೊಡಿ. ತಿಂಗಳಿಗೊಂದ್ಸಲ ರಾತ್ರಿ ಹತ್ತರ ಮೇಲೆ ವಾರ್ಡಿಗೆ ಹೋಗಿ. ರಾಜೀನಾಮೆ ಪತ್ರ ಬಂದ್ಮೇಲೆ "ಯಾಕೆ?" ಅಂತ ಕೇಳೋದಕ್ಕಿಂತ, ಆರು ತಿಂಗಳು ಮೊದಲೇ "ಹೇಗಿದ್ದೀರಿ?" ಅಂತ ಕೇಳಿ. ಮ್ಯಾನೇಜ್‌ಮೆಂಟ್ ಗದರಬಹುದು. ನನಗೂ ಆ ಭಯ ಇತ್ತು. ಅದಕ್ಕೇ ಕೀಲಿ ತೆಗೀಲಿಲ್ಲ.

ಆ ಸಿಸ್ಟರ್‌ಗೆ ಕೆಲಸ ಸಿಗ್ಲಿಲ್ಲ. ಬಾಂಡ್ ಮುಗಿದ ದಿನ ಬಂದು, ಸಹಿ ಹಾಕಿ, ಸರ್ಟಿಫಿಕೇಟ್ ತಗೊಂಡು, ನನಗೆ "ಥ್ಯಾಂಕ್ಸ್ ಮೇಡಂ" ಅಂದ್ರು.

ಇದನ್ನ ಓದ್ತಿರೋ ಸಿಸ್ಟರ್‌ಗಳೇ, ಬ್ರದರ್‌ಗಳೇ, ನಿಮ್ಮ ಒರಿಜಿನಲ್ಸ್ ಇವತ್ತು ಯಾರ ಬೀರುವಿನಲ್ಲಿವೆ? ಆಸ್ಪತ್ರೆ ಹೆಸರು ಬೇಡ, ಅನುಭವ ಮಾತ್ರ ಕಾಮೆಂಟಲ್ಲಿ ಬರೀರಿ.

ಮುಂದಿನ ಭಾಗ: ರಾತ್ರಿ ಪಾಳಿಯ ಲೆಕ್ಕ.

#ಕೆಲಸದಮಾತು #ಆಸ್ಪತ್ರೆ #ನರ್ಸ್ #ಎಚ್‌ಆರ್