ಹಾರ್ಮೋನಿಯಂ ಮಾಡಿದ ತಪ್ಪೇನು?

ಕಛೇರಿಯ ಮೊದಲ ಸಾಲಿನಲ್ಲಿ ಕುಳಿತು ತೊಡೆ ತಟ್ಟುವ ನಮ್ಮ ರಸಿಕ ಮಹಾಶಯರಿಗೆ ಒಂದು ಚಟವಿದೆ. ಸಂಗೀತದ ಮಾತೆತ್ತಿದರೆ ಸಾಕು, ಯಾವುದು ಸಂಗೀತವಲ್ಲ ಎಂಬಲ್ಲಿಂದಲೇ ಆರಂಭಿಸುತ್ತಾರೆ. ಸಿನಿಮಾ ಹಾಡು ಸಂಗೀತವಲ್ಲ. ಕಂಪನಿ ನಾಟಕದ್ದು ಕೂಗಾಟ. ಭಾಗವತರ ಪದ ಬಯಲಿಗೇ ಸರಿ. ಪಾಶ್ಚಾತ್ಯರದು ಬರಿಯ ಗದ್ದಲ. ಹೀಗೆ ಒಂದೊಂದನ್ನೇ ಹೊರಗಟ್ಟಿದ ಮೇಲೆ ಕೊನೆಗೆ ಉಳಿಯುವುದು ಅವರ ಗುರುಗಳ ಬಾನಿಯೊಂದೇ! ಇದನ್ನು ಅಭಿರುಚಿಯೆಂದು ಕರೆಯುವುದು ವಾಡಿಕೆ. ನಾನಂತೂ ಸೋಮಾರಿತನವೆನ್ನುತ್ತೇನೆ.

ಸೇರದಿರುವುದು ತಪ್ಪಲ್ಲ. ನನಗೂ ಹಾರ್ಮೋನಿಯಂ ಇಂದಿಗೂ ಸೇರದು. ಆದರೆ ಸೇರದೆಂಬುದು ನನ್ನ ಕಿವಿಯ ಸಮಾಚಾರ. ಅದರಲ್ಲಿ ಒಳ್ಳೆಯದೇ ಇಲ್ಲವೆಂಬುದು ವಾದ್ಯದ ಮೇಲಿನ ತೀರ್ಪು. ತೀರ್ಪು ಕೊಡುವವನು ವಿಚಾರಣೆ ನಡೆಸಬೇಡವೆ?

ಆ ಪೆಟ್ಟಿಗೆಯ ಮೇಲಿನ ಆಪಾದನೆ ಸುಳ್ಳೇನಲ್ಲ. ಅದರ ಸ್ವರಗಳು ಕಟ್ಟಿಟ್ಟವು. ಮೀಂಡ್ ಎಳೆಯಲಾಗದು, ಗಮಕ ಒಲಿಯದು. ರವೀಂದ್ರನಾಥ ಠಾಕೂರರೂ ಅದನ್ನು ವಿರೋಧಿಸಿದವರೇ. 1940ರ ಮಾರ್ಚಿಯಲ್ಲಿ ಆಕಾಶವಾಣಿ ಅದಕ್ಕೆ ಬಾಗಿಲು ಮುಚ್ಚಿತು. ನಿಷೇಧ ಕೊಂಚ ಸಡಿಲವಾಗಲು 1971 ಬರಬೇಕಾಯಿತು. ಆ ಮೂವತ್ತು ವರ್ಷ ಹೊರಗೆ ನಡೆದದ್ದೇನು? ಹಿಂದೂಸ್ತಾನಿ ಗಾಯಕರ ಪಕ್ಕದಲ್ಲಿ ಹಾರ್ಮೋನಿಯಂ ಕುಳಿತೇ ಇತ್ತು. ನಮ್ಮ ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರು (1917–2010) ಅದಕ್ಕೇ ಬಾಳನ್ನು ಮುಡಿಪಿಟ್ಟರು. ಒಳ್ಳೆಯ ಸಾಥಿದಾರ ಬಾರದ ಮೀಂಡನ್ನು ಎಳೆಯಹೋಗುವುದಿಲ್ಲ. ಗಾಯಕ ಜಾರಿದ ದಾರಿಯ ಎರಡು ತುದಿಗಳನ್ನು ಹಿಡಿದು, ಆತ ಉಸಿರೆಳೆಯುವ ಹೊತ್ತಿನಲ್ಲಿ ಸ್ವರ ಬಾಡದಂತೆ ನೋಡಿಕೊಳ್ಳುತ್ತಾನೆ. ವಾದ್ಯದ ಕೊರತೆಯನ್ನು ಬಲ್ಲವನಿಗಷ್ಟೇ ಬರುವ ವಿದ್ಯೆ ಅದು. ನನಗೆ ಸೇರದ ವಾದ್ಯದಲ್ಲಿ ನಾನು ಕಂಡುಕೊಂಡ ಒಳ್ಳೆಯದು ಇಷ್ಟು. ಕಂಡುಕೊಳ್ಳಲು ಹಲವು ವರ್ಷ ಹಿಡಿಯಿತು.

ಪರದೇಶದ ವಾದ್ಯವೆಂಬ ವಾದ ನಿಲ್ಲುವುದಿಲ್ಲ. ಬಾಲುಸ್ವಾಮಿ ದೀಕ್ಷಿತರು ಪಿಟೀಲು ಹಿಡಿಯದಿದ್ದರೆ ನಿಮ್ಮ ಕಛೇರಿಯ ಗತಿಯೇನು? ಪಿಟೀಲಿಗೆ ಗಮಕ ಬರುತ್ತದೆ ಎನ್ನುವಿರಿ. ಸರಿ, ಸ್ಯಾಕ್ಸೊಫೋನಿಗೆ? ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಬರಿಸಿ ತೋರಿಸಿದರು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿಯೂ ನುಡಿಸಿ ಬಂದರು. ಬ್ಯಾಂಡಿನ ವಾದ್ಯವೆಂದು ಅವರೂ ಮೂಗು ಮುರಿದಿದ್ದರೆ?

ಇನ್ನು ಸಿನಿಮಾ. 1952ರಲ್ಲಿ ಕೇಂದ್ರ ಮಂತ್ರಿ ಬಿ. ವಿ. ಕೇಸ್ಕರರು ಜನರ ಅಭಿರುಚಿಯನ್ನು ತಿದ್ದಲೆಂದು ಸಿನಿಮಾ ಹಾಡುಗಳನ್ನು ಆಕಾಶವಾಣಿಯಿಂದ ದೂರವಿಟ್ಟರು. ಜನ ತಿದ್ದಿಕೊಂಡರೆ? ತಿರುಪು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು! 1957ರಲ್ಲಿ ಸರ್ಕಾರವೇ ವಿವಿಧಭಾರತಿಯನ್ನು ತೆರೆಯಬೇಕಾಯಿತು. ನಡುವೆ, 1956ರ ‘ಬಸಂತ್ ಬಹಾರ್’ ಚಿತ್ರಕ್ಕೆ ಹಾಡಿದವರಲ್ಲಿ ಭೀಮಸೇನ ಜೋಶಿಯವರೂ ಒಬ್ಬರು. ಅವರಿಗಿಲ್ಲದ ಮಡಿ ನಮಗೇಕೋ ಕಾಣೆ. ಸಿನಿಮಾ ಹಾಡುಗಳಲ್ಲಿ ಮುಕ್ಕಾಲು ಪಾಲು ಕಸವೆನ್ನುವಿರಾ? ಒಪ್ಪಿದೆ. ನಮ್ಮ ಕಛೇರಿಗಳಲ್ಲಿ ಆ ಲೆಕ್ಕ ಹಾಕಿದವರುಂಟೆ? ಕಛೇರಿಯನ್ನು ಅದರ ಅತ್ಯುತ್ತಮ ಗಾಯಕನಿಂದಲೂ ಸಿನಿಮಾವನ್ನು ಅದರ ಅತಿ ಕೆಟ್ಟ ಹಾಡಿನಿಂದಲೂ ಅಳೆಯುವುದು ಯಾವ ಊರಿನ ನ್ಯಾಯ?

ಉಪದೇಶ ಮಾಡಿದ ಮೇಲೆ ನಾನೂ ಪರೀಕ್ಷೆಗೆ ಕೂರಬೇಕಷ್ಟೆ. ಪಕ್ಕದ ಮನೆಯ ಹುಡುಗನನ್ನು ಕರೆದು, ‘ನಿನ್ನ ರ‍್ಯಾಪಿನಲ್ಲಿ ನಿನಗೆ ಅತ್ಯುತ್ತಮವೆನಿಸಿದ್ದನ್ನು ಕೇಳಿಸಪ್ಪ’ ಎಂದೆ. ‘ತಾತ, ನಿಮಗೆ ಇಷ್ಟ ಆಗಲ್ಲ’ ಎಂದು ಅನುಮಾನಿಸುತ್ತಲೇ ಎರಡು ಹಾಕಿದ. ಮೊದಲನೆಯದು ತಲೆನೋವು ತರಿಸಿತು. ಎರಡನೆಯದರಲ್ಲಿ ಮಾತು ತಾಳಕ್ಕಿಂತ ಒಂದು ಕೂದಲೆಳೆ ಹಿಂದೆ ಬೀಳುತ್ತ, ಇನ್ನೇನು ತಪ್ಪಿತೆನ್ನುವಾಗ ಸಮಕ್ಕೆ ಬಂದು ಕೂರುತ್ತಿತ್ತು. ಮತ್ತೊಮ್ಮೆ ಹಾಕೆಂದೆ. ಹುಡುಗ ನನ್ನನ್ನು ಸಂಶಯದಿಂದ ನೋಡಿದ.