‘ಸಣ್ಣ ಕೆಲಸ’ಕ್ಕೂ ಒಂದು ಗೆರೆ ಇರಲಿ

“ತಮ್ಮಾ, ಇದೊಂದೀಟು ಬದಲಿ ಮಾಡಿಕೊಡು, ಸಣ್ಣ ಕೆಲಸ ಅದ.”

ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಾತಿದು. ಬಿಇ ಓದುತ್ತಲೇ ಅಂಗಡಿಯೊಂದಕ್ಕೆ ಐದು ಪುಟದ ವೆಬ್‌ಸೈಟ್ ಮಾಡಿಕೊಡಲು ಮೂರು ಸಾವಿರ ರೂಪಾಯಿಗೆ ಒಪ್ಪಿದ್ದೆ. ಐದು ಪುಟ ಒಂಬತ್ತಾಯಿತು, ಎರಡು ವಾರ ಎರಡು ತಿಂಗಳಾಯಿತು. ಬಂದಿದ್ದು ಅರ್ಧ ದುಡ್ಡು. ಇಂಟರ್ನಲ್ಸ್ ಅಂಕವೂ ಕೈತಪ್ಪಿತು. ತಪ್ಪು ಅವರೊಬ್ಬರದೇ ಅಲ್ಲ, ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂದು ನಾನೂ ಹೇಳಿರಲಿಲ್ಲ.

ದೇಶದಲ್ಲಿ 2020–21ರಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರು, 2029–30ಕ್ಕೆ ಅವರ ಸಂಖ್ಯೆ 2.35 ಕೋಟಿ ಆಗಲಿದೆ ಎಂದು ನೀತಿ ಆಯೋಗದ 2022ರ ವರದಿ ಅಂದಾಜಿಸಿತ್ತು. ಕರ್ನಾಟಕ 2025ರಲ್ಲಿ ಇವರಿಗಾಗಿ ಕಾಯ್ದೆಯನ್ನೇ ತಂದಿತು. ಪ್ರತಿ ಪಾವತಿಯ ಮೇಲೆ ಕಂಪನಿಯಿಂದ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ, ಕೆಲಸದಿಂದ ತೆಗೆಯುವ ಮುನ್ನ 14 ದಿನಗಳ ನೋಟಿಸ್, ಎಲ್ಲವೂ ಅದರಲ್ಲಿವೆ. ಸ್ವಾಗತಿಸಬೇಕಾದ ಹೆಜ್ಜೆಯೇ. ಆದರೆ ಅದು ಆ್ಯಪ್ ಮೂಲಕ ದುಡಿಯುವವರ ಕಾಯ್ದೆ. ಮಂಠಾಳದಲ್ಲಿ ಕುಳಿತು ಹುಮನಾಬಾದಿನ ಅಂಗಡಿಗೆ ನೇರವಾಗಿ ಕೆಲಸ ಮಾಡಿಕೊಡುವ ಹುಡುಗನಿಗೆ ಅದರ ನೆರಳಿಲ್ಲ.

ಹಾಗಾದರೆ ನಮಗೇನೂ ಇಲ್ಲವೇ? ಇದೆ. ವಾಟ್ಸ್‌ಆ್ಯಪ್ ಅಥವಾ ಇ–ಮೇಲ್‌ನಲ್ಲಿ ಆದ ಒಪ್ಪಂದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 10ಎ ಅಡಿ ಮಾನ್ಯತೆ ಉಂಟು. ಉದ್ಯಮ್ ಪೋರ್ಟಲ್‌ನಲ್ಲಿ ಉಚಿತವಾಗಿ ನೋಂದಾಯಿಸಿದ ಕಿರು ಉದ್ಯಮಿಗೆ, ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಸಿಗಬೇಕು ಎನ್ನುತ್ತದೆ 2006ರ ಎಂಎಸ್ಎಂಇಡಿ ಕಾಯ್ದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಒಂದೂವರೆ ಸಾವಿರದ ಬಾಕಿಗೆ ಯಾರು ಕಚೇರಿ ಅಲೆಯುತ್ತಾರೆ? ಅದೂ ನಾಳೆ ಸಂತೆಯಲ್ಲಿ ಎದುರಾಗುವ ಪರಿಚಯಸ್ಥರ ಮೇಲೆ? ‘ನೀನು ಮಾಡದಿದ್ದರೆ ಇನ್ನೊಬ್ಬ ಮಾಡ್ತಾನ’ ಎಂಬ ಭಯ ಬೇರೆ. ಹಾಗಾಗಿ ಕಾಯ್ದೆಗಿಂತ ಮೊದಲು ನಮ್ಮ ಗೆರೆಯನ್ನು ನಾವೇ ಎಳೆದುಕೊಳ್ಳಬೇಕು.

ನಾನೀಗ ಕೆಲಸ ಹಿಡಿಯುವ ಮುನ್ನ ಒಂದೇ ಸಂದೇಶ ಕಳಿಸುತ್ತೇನೆ: ಎಷ್ಟು ಪುಟ, ಯಾವ ದಿನಕ್ಕೆ, ಎಷ್ಟು ಮುಂಗಡ, ತಿದ್ದುಪಡಿ ಎರಡೇ ಸಲ, ಹೆಚ್ಚಾದರೆ ಬೇರೆ ದರ, ರಾತ್ರಿ ಎಂಟರ ನಂತರ ಮತ್ತು ಪರೀಕ್ಷೆ ದಿನಗಳಲ್ಲಿ ಕೆಲಸವಿಲ್ಲ. ‘ಒಪ್ಪಿದೆ’ ಎಂಬ ಉತ್ತರ ಬಂದ ಮೇಲೆಯೇ ಲ್ಯಾಪ್‌ಟಾಪ್ ತೆರೆಯುವುದು. ಇದನ್ನು ಓದಿ ಒಬ್ಬರು ಬೇಡವೆಂದರು. ಇನ್ನೊಬ್ಬರು ಹೇಳಿದ ದಿನಕ್ಕೇ ಹಣ ಹಾಕಿದರು.

ನಮ್ಮ ಕಲ್ಯಾಣದ ಆಯ್ದಕ್ಕಿ ಮಾರಯ್ಯ ಒಮ್ಮೆ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ಮರಳಿಸಿ ಬರಲು ಹೇಳಿದಳಂತೆ. ಹೆಚ್ಚು ಪಡೆಯುವುದು ತಪ್ಪಾದರೆ, ಹೆಚ್ಚು ದುಡಿಸಿಕೊಳ್ಳುವುದೂ ತಪ್ಪೇ. ಕಾಯಕಕ್ಕೆ ಅಳತೆ ಇರಬೇಕೆಂಬುದು ಈ ನೆಲಕ್ಕೆ ಹೊಸದಲ್ಲ, ನಾವು ಮರೆತಿದ್ದೇವಷ್ಟೆ.