ಆ ಫೋಟೋ ಯಾರದ್ದು?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್‌ನಲ್ಲಿ ಒಂದು ದೊಡ್ಡ ತಮಾಷೆ ನಡೀತು. ಇಬ್ಬರು ಸೇರಿ ಡೇಟಿಂಗ್ ಆ್ಯಪ್‌ನಲ್ಲಿ ಹುಡುಗಿ ಹೆಸರಲ್ಲಿ ಒಂದು ಪ್ರೊಫೈಲ್ ಮಾಡಿದ್ರು. ಬಕ್ರಾ ಆಗಿದ್ದು ಪಕ್ಕದ ರೂಮಿನ ಗೆಳೆಯ. ಎರಡು ವಾರ ಚಾಟಿಂಗ್. ಒಂದು ಶನಿವಾರ ಅವನು ಇಸ್ತ್ರಿ ಶರ್ಟ್ ಹಾಕ್ಕೊಂಡು, ರೂಮ್‌ಮೇಟ್‌ನ ಸೆಂಟ್ ಹೊಡ್ಕೊಂಡು, ಬಸ್ ಹತ್ತಿ ಮಾಲ್‌ಗೆ ಹೋಗಿ ಒಂದೂವರೆ ಗಂಟೆ ನಿಂತ. ಇಲ್ಲಿ ನಾವು ಎಂಟು ಜನ ಒಂದೇ ಮಂಚದ ಮೇಲೆ ಕೂತು ಅವನ "ಎಲ್ಲಿದ್ದೀರಾ?" ಮೆಸೇಜ್ ಓದಿ ಬಿದ್ದೂ ಬಿದ್ದೂ ನಕ್ವಿ. ನಾನೂ ನಕ್ಕೆ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ "ನೀನೇನು ದೊಡ್ಡ ಸಾಚಾನಾ?" ಅಂತ ಯಾರೂ ಕೇಳೋದು ಬೇಡ.

ಅವನು ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಕ್ಯಾಂಟೀನ್‌ನಲ್ಲಿ ಪಫ್ಸ್ ಕೊಡಿಸಿ ರಾಜಿ ಆಯ್ತು. ಆದರೆ ಒಂದು ಪ್ರಶ್ನೆ ನಮಗ್ಯಾರಿಗೂ ಹೊಳೆಯಲೇ ಇಲ್ಲ. ನನಗೆ ಹೊಳೆದದ್ದೂ ತಿಂಗಳಾದ ಮೇಲೆ. ಆ ಫೋಟೋ ಯಾರದ್ದು?

"ಯಾರೋ ಗುರೂ, ಇನ್‌ಸ್ಟಾದಲ್ಲಿ ಸಿಕ್ತು."

"ಅಕೌಂಟ್ ಡಿಲೀಟ್ ಮಾಡಿದ್ಯಾ?"

"ಆ್ಯಪ್ ಅನ್‌ಇನ್‌ಸ್ಟಾಲ್ ಮಾಡ್ದೆ ಕಣೋ."

ಆ್ಯಪ್ ತೆಗೆದರೆ ಸರ್ವರ್‌ನಲ್ಲಿರೋ ಅಕೌಂಟ್ ಹೋಗಲ್ಲ ಅಂತ ಕಂಪ್ಯೂಟರ್ ಸೈನ್ಸ್ ಓದೋನಿಗೆ ಹೇಳ್ಕೊಡಬೇಕಾ? ಅವತ್ತೇ ರಾತ್ರಿ ಅವನ ಎರಡನೇ ಸಿಮ್‌ಗೆ ಓಟಿಪಿ ತರಿಸಿ ಒಳಗೆ ಹೋದ್ವಿ. 41 ಮೆಸೇಜ್ ಓದದೆ ಬಿದ್ದಿದ್ವು. ಕೆಲವು ಮರ್ಯಾದೆಯವು, ಕೆಲವು ಇಲ್ಲಿ ಬರೆಯೋ ಹಾಗಿಲ್ಲ. ಅಷ್ಟೂ ಬಂದದ್ದು ಆ ಮುಖಕ್ಕೆ. ಆ ಮುಖದ ಒಡತಿ ಯಾವುದೋ ಕಾಲೇಜಲ್ಲಿ ಇಂಟರ್ನಲ್ಸ್‌ಗೆ ಓದ್ಕೊಂಡು ಇದ್ದಿರಬಹುದು. ಅವಳ ಅಣ್ಣನ ಸ್ನೇಹಿತನೊಬ್ಬ ಅದನ್ನ ನೋಡಿ ಮನೆಗೆ ಸ್ಕ್ರೀನ್‌ಶಾಟ್ ಕಳಿಸಿದ್ದರೆ, "ಅದು ನಾನಲ್ಲ" ಅಂತ ಅವಳು ಹೇಗೆ ಸಾಬೀತು ಮಾಡಬೇಕಿತ್ತು? ನಮ್ಮ ಎಷ್ಟು ಮನೆಗಳಲ್ಲಿ ಆ ಮಾತನ್ನ ಮೊದಲ ಸಲಕ್ಕೇ ನಂಬ್ತಾರೆ?

ಇದನ್ನ ಹೇಳಿದಾಗೆಲ್ಲ ಒಂದು ಉತ್ತರ ರೆಡಿ ಇರುತ್ತೆ: "ಪಬ್ಲಿಕ್ ಆಗಿ ಫೋಟೋ ಹಾಕಿದ್ದು ಅವಳ ತಪ್ಪು." ಸ್ಟ್ಯಾಂಡ್‌ನಲ್ಲಿ ಸ್ಕೂಟರ್ ನಿಲ್ಸಿದ್ದೀನಿ ಅಂದ್ರೆ ಓಡಿಸ್ಕೊಂಡು ಹೋಗಿ ಅಂತಾನಾ?

2011ರಲ್ಲಿ ಇಟಲಿಯ ಇಬ್ಬರು ಕಲಾವಿದರು, ಪಾವ್ಲೋ ಚಿರಿಯೋ ಮತ್ತು ಅಲೆಸ್ಸಾಂಡ್ರೋ ಲುಡೊವಿಕೋ, ಇದನ್ನೇ ಬೇಕಂತ ದೊಡ್ಡದಾಗಿ ಮಾಡಿ ತೋರಿಸಿದ್ರು. ಫೇಸ್‌ಬುಕ್‌ನಿಂದ ಸಾಫ್ಟ್‌ವೇರ್ ಮೂಲಕ 10 ಲಕ್ಷ ಪ್ರೊಫೈಲ್ ಎತ್ತಿ, ಮುಖಭಾವ ನೋಡಿ ಗುಂಪು ಮಾಡಿ, ಅದರಲ್ಲಿ ಎರಡೂವರೆ ಲಕ್ಷ ಜನರನ್ನ 'ಲವ್ಲಿ ಫೇಸಸ್' ಅನ್ನೋ ಡೇಟಿಂಗ್ ಸೈಟ್‌ಗೆ ಹಾಕಿದ್ರು. ಯಾರನ್ನೂ ಕೇಳಲಿಲ್ಲ. ಫೇಸ್‌ಬುಕ್ ವಕೀಲರು ಎದ್ದು ಕೂತ್ರು, ಕೆಲವೇ ದಿನಕ್ಕೆ ಸೈಟ್ ಬಂದ್. ಉದ್ದೇಶ ಎಚ್ಚರಿಸೋದೇ ಇರಬಹುದು, ಆದರೂ ಆ ಎರಡೂವರೆ ಲಕ್ಷ ಜನರನ್ನ ಕೇಳದೆ ಮಾಡಿದ್ದು ನನಗೆ ಇಷ್ಟ ಆಗಲ್ಲ. ಒಂದಂತೂ ನಿಜ, ಅವತ್ತು ಇಬ್ಬರು ಮಾಡಿದ್ದನ್ನ ಇವತ್ತು ಪೈಥಾನ್ ಲ್ಯಾಬ್ ಮುಗಿಸಿದ ಯಾರು ಬೇಕಾದರೂ ಚಿಕ್ಕ ಮಟ್ಟದಲ್ಲಿ ಮಾಡಬಹುದು.

ಸೈಟ್ ನಡೆಸೋರೇ ಕಳ್ಳರಾದರೆ? ಆ್ಯಶ್ಲಿ ಮ್ಯಾಡಿಸನ್ ಕಥೆ ಅದೇ. ಮದುವೆಯಾದೋರು ಗುಟ್ಟಾಗಿ ಸಂಗಾತಿ ಹುಡುಕೋ ಸೈಟ್ ಅದು. 2015ರಲ್ಲಿ ಹ್ಯಾಕ್ ಆಗಿ, ಸುಮಾರು 3.6 ಕೋಟಿ ಅಕೌಂಟ್‌ಗಳ ವಿವರ ಬೀದಿಗೆ ಬಂತು. ಗಂಡಸರಿಂದ ದುಡ್ಡು ಕಟ್ಟಿಸೋಕೆ ಕಂಪನಿಯೇ ಹುಡುಗಿಯರ ನಕಲಿ ಪ್ರೊಫೈಲ್ ಇಟ್ಟಿತ್ತು. 19 ಡಾಲರ್ ಕೊಟ್ಟು "ಪೂರ್ತಿ ಅಳಿಸಿ" ಅಂದೋರ ಮಾಹಿತಿಯನ್ನೂ ಪೂರ್ತಿ ಅಳಿಸಿರಲಿಲ್ಲ. ನಮ್ಮ ತಮಾಷೆಗೆ ತೀರಾ ಹತ್ತಿರದ್ದು ಇನ್ನೊಂದಿದೆ: ಅಲ್ಲಿ ಇಮೇಲ್ ವೆರಿಫೈ ಮಾಡ್ತಿರಲಿಲ್ಲ. ಯಾರ ಇಮೇಲ್ ಬೇಕಾದ್ರೂ ಯಾರು ಬೇಕಾದ್ರೂ ಹಾಕಬಹುದಿತ್ತು. ಅಂದರೆ ಯಾರೋ ಮಜಾಕ್ಕೆ ತಮ್ಮ ಹೆಸರು ಸೇರಿಸಿದ್ದೋರೂ ಆ ಪಟ್ಟಿಯಲ್ಲಿ ಸಿಕ್ಕಿಬಿದ್ದಿರಬಹುದು.

ಟಿಂಡರ್‌ನದ್ದು ಸ್ವಲ್ಪ ಬೇರೆ. ಎದುರಿನವರು ಎಷ್ಟು ದೂರದಲ್ಲಿದ್ದಾರೆ ಅನ್ನೋದನ್ನ ಅದರ ಸರ್ವರ್ ಸಿಕ್ಕಾಪಟ್ಟೆ ನಿಖರವಾಗಿ ಕಳಿಸ್ತಿತ್ತು ಅಂತ ಭದ್ರತಾ ಸಂಶೋಧಕರು 2014ರಲ್ಲಿ ಹೊರಗೆ ಹಾಕಿದ್ರು. ಮೂರು ಜಾಗದಿಂದ ದೂರ ತಗೊಂಡು ಮೂರು ವೃತ್ತ ಎಳೆದರೆ ಮನುಷ್ಯ ಎಲ್ಲಿದ್ದಾನೆ ಗೊತ್ತಾಗ್ತಿತ್ತು. ನಾವು ಸರ್ವೇಯಿಂಗ್‌ನಲ್ಲಿ ಎರಡು ಮಾರ್ಕ್ಸ್‌ಗೆ ಬರೆಯೋ ವಿಷಯ. (ಆ ದೋಷವನ್ನ ಸರಿಪಡಿಸಿದ ಮೇಲೆ ತಾನೇ ಸುದ್ದಿ ಹೊರಗೆ ಬಂದದ್ದು, ಯಾರೂ ಟ್ರೈ ಮಾಡೋಕೆ ಹೋಗಬೇಡಿ.)

ಇದೆಲ್ಲ ದೂರದ ಮಾತು ಅನ್ಸಿದ್ರೆ, 2022ರ ಜನವರಿ 1 ನೆನಪಿಸಿಕೊಳ್ಳಿ. 'ಬುಲ್ಲಿ ಬಾಯಿ' ಅನ್ನೋ ಆ್ಯಪ್‌ನಲ್ಲಿ ನೂರಕ್ಕೂ ಹೆಚ್ಚು ಮುಸ್ಲಿಂ ಮಹಿಳೆಯರ ಫೋಟೋಗಳನ್ನ "ಹರಾಜಿಗೆ" ಅಂತ ಹಾಕಿದ್ರು. ಅದು ಡೇಟಿಂಗ್ ಸೈಟ್ ಅಲ್ಲ, ದ್ವೇಷದ ಕೆಲಸ. ಫೋಟೋ ಮಾತ್ರ ನಮ್ಮ ಹಾಗೇ ಸೋಷಿಯಲ್ ಮೀಡಿಯಾದಿಂದ ಎತ್ತಿದ್ದು. ಕೋಡ್ ಇದ್ದದ್ದು ನಾವೆಲ್ಲ ಪ್ರಾಜೆಕ್ಟ್ ಹಾಕೋ ಗಿಟ್‌ಹಬ್‌ನಲ್ಲಿ. ಬಂಧನ ಆದೋರಲ್ಲಿ ಅಸ್ಸಾಂನ ಒಬ್ಬ ಬಿ.ಟೆಕ್. ವಿದ್ಯಾರ್ಥಿ, ಬೆಂಗಳೂರಿನಲ್ಲಿ ಓದ್ತಿದ್ದ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ. ಇಪ್ಪತ್ತರ ಆಸುಪಾಸಿನ ಹುಡುಗರು, ನಮ್ಮದೇ ವಯಸ್ಸು.

ಕಾನೂನು ಇಲ್ಲ ಅಂತೇನಿಲ್ಲ. ಐಟಿ ಕಾಯ್ದೆಯ 66ಡಿ ಸೆಕ್ಷನ್ ಪ್ರಕಾರ ಬೇರೊಬ್ಬರ ವೇಷದಲ್ಲಿ ಆನ್‌ಲೈನ್ ವಂಚನೆ ಮಾಡಿದರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ನಿಮ್ಮ ಫೋಟೋ ಎಲ್ಲಾದರೂ ಹೀಗೆ ಕಂಡರೆ ಸ್ಕ್ರೀನ್‌ಶಾಟ್, ಲಿಂಕ್ ಎತ್ತಿಟ್ಟುಕೊಂಡು ಆ್ಯಪ್‌ಗೆ ರಿಪೋರ್ಟ್ ಮಾಡಿ, ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಡಿ.

ಆದರೆ ನನ್ನ ತಕರಾರು ಪೊಲೀಸರ ಹತ್ರ ಅಲ್ಲ, ನಮ್ಮ ಹತ್ರಾನೇ. ಫೆಸ್ಟ್ ಬಂತು ಅಂದ್ರೆ ಗೂಗಲ್ ಫಾರ್ಮ್. ಹೆಸರು, ಯುಎಸ್ಎನ್, ಫೋನ್ ನಂಬರ್, ಫೋಟೋ. ಆ ಶೀಟ್ ವಾಲಂಟಿಯರ್ ಗ್ರೂಪ್‌ಗೆ ಹೋಗುತ್ತೆ, ಅಲ್ಲಿಂದ ಎಲ್ಲೆಲ್ಲಿಗೋ. ಡಾನ್ಸ್ ಟೀಮಿನ ಹುಡುಗಿಗೆ ಅವತ್ತು ರಾತ್ರಿ "ಹಾಯ್" ಬರುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ತಿರುಳೇ ಇಷ್ಟು: ಯಾವ ಕೆಲಸಕ್ಕೆ ಕೇಳಿದ್ರೋ ಅದಕ್ಕೆ ಮಾತ್ರ ಬಳಸಿ, ಮುಗಿದ ಮೇಲೆ ಅಳಿಸಿ. ನಮ್ಮ ಕನ್ನಡ ಸಂಘ ಏನೂ ಕಮ್ಮಿ ಇಲ್ಲ. ಕಳೆದ ರಾಜ್ಯೋತ್ಸವದ ಶೀಟ್ ಮೊನ್ನೆ ತೆಗೆದು ನೋಡಿದೆ, ಲಿಂಕ್ ಇರೋರಿಗೆಲ್ಲ ತೆರೆದೇ ಇತ್ತು. ಅಳಿಸಿದ್ದೀನಿ. ಪದಾಧಿಕಾರಿಗಳು ಬೈದ್ರೆ ಬೈಲಿ. ಈ ನವೆಂಬರ್‌ನ ಫಾರ್ಮ್ ನಾನೇ ಮಾಡ್ತೀನಿ ಅಂತ ಕೇಳಿದ್ದೀನಿ, ಕೊಟ್ರೆ ಅದರಲ್ಲಿ ಫೋಟೋ ಕಾಲಂ ಇರಲ್ಲ, ನಂಬರ್ ಕಾಲಂ ಟೀಮಿಗೆ ಒಬ್ಬರದ್ದು ಮಾತ್ರ.